ಬುಡದಿಂದ ಹರಿಯಿರಿ ಎನ್ನುವ ಆದಮ್ಮ

ಸಂತೆಕಲ್ಲೂರಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಶಾಲೆಯ ಅಡುಗೆಕೋಣೆಯ ಬೀಗ ತೆಗೆದ ಆದಮ್ಮ ಎಣ್ಣೆ ಪಾಕೀಟನ್ನು ಬಾಗಿಲ ಬೆಳಕಿಗೆ ಹಿಡಿದು ಅವಧಿ ಮುಗಿಯುವ ತಾರೀಖು ಓದುತ್ತಾರೆ. ಬೇಳೆಯದನ್ನೂ ಓದುತ್ತಾರೆ. ಒಲೆ ಹಚ್ಚುವುದು ಆಮೇಲೆಯೇ. ನೂರಿಪ್ಪತ್ತು ಮಕ್ಕಳ ಬಿಸಿಯೂಟ, ಹುಡುಗಾಟವೇ?

ಊಟವಾಗಿ ತಟ್ಟೆ ತೊಳೆದ ಮೇಲೆ ಮಕ್ಕಳು ಅವರ ಸುತ್ತ ಕೂರುತ್ತಾರೆ. ನಡುವೆ ಹರಡಿರುವುದು ಕುರುಕಲು ತಿಂಡಿಯ ಖಾಲಿ ಪಾಕೀಟುಗಳು. ಇಲ್ಲಿನ ಅಂಗಡಿಗಳಲ್ಲಿ ಸರದಲ್ಲಿ ತೂಗುವ ಅಗ್ಗದ ಪಾಕೀಟುಗಳಿಗೆ ತಾರೀಖು ಇರುವುದು ಮೇಲಂಚಿನಲ್ಲಿ. ಮಕ್ಕಳು ಮೊದಲು ಹಲ್ಲಿನಿಂದ ಕಚ್ಚಿ ಉಗುಳುವುದೂ ಅದನ್ನೇ.

"ತಲಿ ಹರೀಬ್ಯಾಡ್ರಿ, ಬುಡ ಹರೀರಿ," ಎನ್ನುತ್ತಾರೆ ಆದಮ್ಮ. "ಮ್ಯಾಲಿನ ಗೊಂಬಿ ನೋಡಿ ಮರುಳಾಗಬ್ಯಾಡ್ರಿ. ಗೊಂಬಿಗೆ ವಯಸ್ಸಾಗಂಗಿಲ್ಲ, ಒಳಗಿನ ತಿಂಡಿಗೆ ಆಗ್ತೈತಿ."

ಈ ಪಾಠ ಹುಟ್ಟಿದ್ದು ಒಂದು ಅಪವಾದದಿಂದ. ಮೂರು ವರ್ಷದ ಹಿಂದೆ ನಾಲ್ಕನೆಯ ತರಗತಿಯ ಪ್ರಿಯಾಂಕಾ ವಾಂತಿ ಮಾಡಿ ಮಾಡಿ ಎಚ್ಚರ ತಪ್ಪಿ ಬಿದ್ದಳು. ಲಿಂಗಸುಗೂರಿನ ಆಸ್ಪತ್ರೆಗೆ ಒಯ್ದರು. ಊರಿಗೆ ಊರೇ ಬಿಸಿಯೂಟದ ಕಡೆ ಬೆರಳು ಮಾಡಿತು. ಪ್ರಿಯಾಂಕಾಳ ಅವ್ವ ಆದಮ್ಮನ ಸೆರಗು ಹಿಡಿದು, "ನನ್ನ ಕೂಸಿಗೆ ಏನ್ ಉಣಿಸೀದಿ ಹೇಳು," ಎಂದು ಅತ್ತಳು. ಹುಡುಗಿ ಚೇತರಿಸಿಕೊಂಡ ಮೇಲೆ ಆದಮ್ಮನ ಮುಂದೆ ತಾನೇ ಬಾಯಿಬಿಟ್ಟಳು: "ಪಾಕೀಟು ತಿಂದಿದ್ದೆ ಆಯಿ. ಕಮಟು ವಾಸ್ನಿ ಬರಾಕತ್ತಿತ್ತು." ಪಾಕೀಟು ಪಾಟೀಚೀಲದಲ್ಲೇ ಸಿಕ್ಕಿತು, ಆದರೆ ಅದರ ಮೇಲಂಚು ಇರಲಿಲ್ಲ. ಅದು ಯಾವಾಗಿನ ಮಾಲೆಂದು ಯಾರು ಹೇಳಬೇಕು?

ಪಾಠ ಕಲಿತ ಮಕ್ಕಳು ತಾರೀಖು ಓದಿ, ಅವಧಿ ಮೀರಿದ್ದನ್ನು ಅಂಗಡಿಗೇ ತಿರುಗಿಸತೊಡಗಿದರು. ಅಂಗಡಿಯವರು ಸರಗಳನ್ನು ಮಸ್ಕಿಗೆ ವಾಪಸ್ ಕಳಿಸಿದರು. ಮಸ್ಕಿಯಿಂದ ಈ ಹಳ್ಳಿಗಳಿಗೆ ಮಾಲು ಹಂಚುವವರು ಮಾಳಿಂಗರಾಯ, ಆದಮ್ಮನ ಒಡಹುಟ್ಟಿದ ಅಣ್ಣ. ಒಂದು ದಿನ ಅವರು ಶಾಲೆಯ ಗೇಟಿಗೇ ಬಂದು ಕೂಗಾಡಿದರು. "ಬೆನ್ನಿಗೆ ಬಿದ್ದ ತಂಗಿ, ನೀನೇ ನನ್ನ ಹೊಟ್ಟಿ ಮ್ಯಾಲ ಹೊಡ್ದೆಲ್ಲ ಬೇ! ತವರು ಮರ್ತುಬಿಡು."

"ಅಣ್ಣಾ, ನಿನ್ನ ಮೊಮ್ಮಕ್ಕಳಿಗೆ ಇದನ್ನ ತಿನಿಸ್ತಿಯೇನು?" ಎಂದು ಆದಮ್ಮ ಕೇಳಿದರು. ಮಾಳಿಂಗರಾಯ ಬೈಕು ತಿರುಗಿಸಿದರು.

ಈ ಸೀಮೆಯಲ್ಲಿ ನಾಗರಪಂಚಮಿಗೆ ಅಣ್ಣ ಬಂದು ಕರೆಯಬೇಕು, ತಂಗಿ ತವರಿಗೆ ಹೋಗಬೇಕು. ಎರಡು ಪಂಚಮಿ ಕಳೆದಿವೆ, ಮಾಳಿಂಗರಾಯ ಬಂದಿಲ್ಲ. ಕರೆಯದೆ ಹೋಗುವುದಾದರೂ ಹೇಗೆ? ಮಸ್ಕಿಯ ಬಸ್ಸು ಅಣ್ಣನ ಮನೆಯ ಮುಂದೆಯೇ ಹಾದು ಹೋಗುತ್ತದೆ. ಆದಮ್ಮ ಕಿಟಕಿಯಿಂದ ನೋಡುತ್ತಾರೆ, ಇಳಿಯುವುದಿಲ್ಲ. ಅಯ್ಯೋ, ಯಾವ ಹೆಣ್ಣಿಗೆ ತವರು ಬೇಡ ಹೇಳಿ! ಪಾಠ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಬಳಗದವರು ಬುದ್ಧಿ ಹೇಳುತ್ತಲೇ ಇದ್ದಾರೆ.

"ಅಣ್ಣ ಕರಿಯಾಕ ಬರ್ಲಿ ಅಂತ ದಿನಾ ಬೇಡ್ಕೋತೀನ್ರಿ. ಬಂದ್ರ ಉಟ್ಟ ಸೀರಿ ಮ್ಯಾಲೇ ಹೊಂಡ್ತೀನಿ," ಎನ್ನುತ್ತಾರೆ ಆದಮ್ಮ. "ಆದ್ರ ಪಾಠ ಬಿಡಂಗಿಲ್ಲ. ತವರಿಲ್ದ ಎರಡು ವರ್ಷ ಬದುಕೀನ್ರಿ, ಇನ್ನೂ ಬದುಕ್ತೀನಿ. ಮತ್ತೊಬ್ಬ ತಾಯಿ ನನ್ನ ಸೆರಗು ಹಿಡಿದು ಹಂಗ ಕೇಳಿದ್ರ, ಆಗ ಬದುಕಂಗಿಲ್ಲ."