ಡೆನ್, ನಾಲ್ಕನೇ ನಂಬರ್

ಅಥವಾ ಅದು ಎಕ್ಸ್‌ರೇ ಹಾಳೆಯೇ ಆಗಿರಲಿಲ್ಲವೇನೋ. ಬರೀ ರಟ್ಟಿನ ತುಂಡಾಗಿದ್ದು, ಎಲುಬಿನ ಚಿತ್ರವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಹೋದ ತಿಂಗಳು ಬಾಳಗಡಿಯಲ್ಲಿ, ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ, ಪೇಂಟರ್ ಒಬ್ಬ ಪಿಕಪ್ ಗಾಡಿಯ ಹಿಂಬದಿಗೆ ನಂಬರ್ ಬರೆಯುತ್ತಿದ್ದ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಕ್ಷರದ ಆಕಾರ ಕತ್ತರಿಸಿಟ್ಟುಕೊಂಡು, ಅದನ್ನು ತಗಡಿಗೆ ಒತ್ತಿ ಹಿಡಿದು, ಬಟ್ಟೆಯ ಉಂಡೆಯಿಂದ ಬಣ್ಣ ತಟ್ಟುತ್ತಿದ್ದ. ಎನಾಮಲ್ ಬಣ್ಣ ಮತ್ತು ಸೀಮೆಎಣ್ಣೆಯ ವಾಸನೆ ಒಳಗೆ ಬಂತು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ನಮ್ಮ ಮೇಷ್ಟ್ರು ಬನಿಯನ್ನುಗಳ ಮೇಲೆ ದೇಶಗಳ ಹೆಸರು ಬರೆದದ್ದೂ ಹೀಗೆಯೇ, ಇಂಥದೇ ಹಾಳೆಯಲ್ಲಿ, ಎಂದು ಆ ಕ್ಷಣಕ್ಕೆ ಖಚಿತವಾಯಿತು. ಈಗ ಅಷ್ಟು ಖಚಿತವಿಲ್ಲ. ಇವತ್ತು ಕಂಡದ್ದನ್ನು ಹಿಂದಕ್ಕೆ ಒಯ್ದು ಇಟ್ಟುಬರುವ ಅಭ್ಯಾಸ ನನ್ನ ನೆನಪಿಗೆ ಇದೆ...

ಅವರು ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ನನಗೆ ಕಬಡ್ಡಿ ಕಲಿಸಿದವರು. ಒಳ್ಳೆಯವರಾಗಿದ್ದರು ಎಂದು ಬರೆದು ಮುಗಿಸಲಾರೆ. ಜಲ್ಲಿ ಮೇಲೆದ್ದ ಮೈದಾನದಲ್ಲಿ ನಮ್ಮನ್ನು ಕೆಡವಿ ಕೆಡವಿಯೇ ಬೀಳುವುದನ್ನು ಕಲಿಸಿದರು. ಮಂಡಿ ಸುಲಿದು ಒಳಗಿನ ಬಿಳಿ ಕಂಡರೆ, "ಇನ್ನೊಂದು ಮಂಡಿ ಉಂಟಲ್ಲ, ಏಳು" ಎನ್ನುತ್ತಿದ್ದರು. ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬೀಸಿದರೆ ಬೆನ್ನ ಮೇಲೆ ಮೂರು ದಿನ ಬರೆ ಇರುತ್ತಿತ್ತು. ಒಂಬತ್ತನೇ ಕ್ಲಾಸಿನಲ್ಲಿ ನಾನು ಅಭ್ಯಾಸಕ್ಕೆ ತಪ್ಪಿಸಿಕೊಂಡೆನೆಂದು ಬೆಳಗಿನ ಪ್ರಾರ್ಥನೆಯ ಸಾಲಿನಿಂದ ಹೊರಗೆಳೆದು ಕೆನ್ನೆಗೆ ಹೊಡೆದರು. ಒಸಡಿನಿಂದ ರಕ್ತ ಬಂತು, ನುಂಗಿಕೊಂಡೆ. ಒಂದು ದಿನ ಇದನ್ನು ತಿರುಗಿಸಿ ಕೊಡುತ್ತೇನೆ ಎಂದು ಆಗ ಅಂದುಕೊಂಡೆನೇ, ಅಥವಾ ಮುಂದೆ ನಡೆದದ್ದಕ್ಕೆ ಕಾರಣ ಬೇಕೆಂದು ಈಗ ಹಾಗೆ ಹೇಳುತ್ತಿದ್ದೇನೆಯೇ? ಎರಡೂ ಇರಬಹುದು.

ನಾನು ಶಾಲೆ ಬಿಟ್ಟು ಐದಾರು ವರ್ಷವಾಗಿತ್ತು. ಕೊಯ್ಲು ಮುಗಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಪ್ರತಿ ವಾರ ಎಲ್ಲಾದರೊಂದು ಕಡೆ ಕಬಡ್ಡಿ ಇರುತ್ತಿತ್ತು. ಊರಿಗೊಂದು ತಂಡ, ತಂಡಕ್ಕೊಂದು ದೊಡ್ಡ ಮನೆಯ ಬೆಂಬಲ. ಹೊಲಗದ್ದೆಯ ತಕರಾರು, ಕೆಲಸದವರನ್ನು ಎಳೆದುಕೊಂಡ ಸಿಟ್ಟು, ಮುರಿದುಬಿದ್ದ ಸಂಬಂಧ, ಎಲ್ಲವೂ ಅಂಕಣದಲ್ಲಿ ತೀರುತ್ತಿತ್ತು. ಒಂದು ವರ್ಷ ಎರಡು ಊರುಗಳ ಫೈನಲ್‌ನಲ್ಲಿ ಸೋಡಾ ಬಾಟ್ಲಿ ಹಾರಿ ಇಪ್ಪತ್ತರ ಹುಡುಗನೊಬ್ಬನ ಕಣ್ಣು ಹೋಯಿತು. ಆ ಊರುಗಳ ಹೆಸರು ಬರೆಯುವುದಿಲ್ಲ. ಪೊಲೀಸರು ಎಲ್ಲ ಪಂದ್ಯಾವಳಿಗೂ ಅನುಮತಿ ನಿಲ್ಲಿಸಿದರು.

ಮೇಷ್ಟ್ರು ಸ್ಟೇಷನ್ನಿಗೆ ನಾಲ್ಕು ಸಲ ಹೋದರು. ಕೊನೆಯ ಸಲ ನಾನೂ ಜೊತೆಗಿದ್ದೆ. "ಒಂದು ಸಲ ನನಗೆ ಬಿಟ್ಟು ನೋಡಿ" ಎಂದರು. "ಹೊಡೆದಾಟ ಆಯ್ತು ಅಂದ್ರೆ ನಾನು ಮತ್ತೆ ಸೀಟಿ ಮುಟ್ಟಲ್ಲ. ಈ ಕಡೆ ಕಬಡ್ಡಿ ಅಲ್ಲಿಗೆ ಮುಗೀತು ಅಂತ ನಾನೇ ಬರ್ದು ಕೊಡ್ತೇನೆ."

ಎಸ್‌ಐ ಹೊಸಬರು, ಬಯಲುಸೀಮೆಯವರು. "ಬರ್ದೇ ಕೊಡಿ ಹಂಗಾದ್ರೆ" ಎಂದರು. ಮೇಷ್ಟ್ರು ಬರೆದು ಸಹಿ ಹಾಕಿದರು. ಆ ಮನುಷ್ಯನಿಗೆ ಕಬಡ್ಡಿ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ತನ್ನಲ್ಲಿದ್ದುದಿಷ್ಟನ್ನೂ ಅಂದು ಆ ಕಾಗದದ ಮೇಲೆ ಇಟ್ಟರು.

ಅವರ ಉಪಾಯ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಟಿ.ವಿ.ಯಲ್ಲಿ ಒಲಿಂಪಿಕ್ಸ್ ಬಂದಾಗಲೆಲ್ಲ ಎದುರು ಕೂತು, ಪರದೆಯ ಮೂಲೆಯಲ್ಲಿ ಬರುವ ಮೂರಕ್ಷರದ ಸಂಕೇತಗಳನ್ನು ಬರೆದುಕೊಳ್ಳುತ್ತಿದ್ದರಂತೆ. ದೇಶಕ್ಕೆ ಮೂರೇ ಇಂಗ್ಲಿಷ್ ಅಕ್ಷರ. ಅದರಲ್ಲಿ ಮನೆತನವಿಲ್ಲ, ಜಾತಿಯಿಲ್ಲ, ಎಷ್ಟು ಎಕರೆ ಎಂಬುದಿಲ್ಲ. ಊರಿನ ತಂಡಗಳೇ ಬೇಡ. ಎಲ್ಲ ಊರಿನ ಆಟಗಾರರ ಚೀಟಿ ಒಟ್ಟಿಗೆ ಹಾಕಿ ಎತ್ತುವುದು, ಆರು ತಂಡ ಮಾಡಿ ಆರು ದೇಶದ ಸಂಕೇತ ಕೊಡುವುದು. ಒಂದೇ ಊರಿನವರು ಆರೂ ಕಡೆ ಹಂಚಿಹೋದರೆ ಊರು ಊರಿಗೆ ಹೊಡೆಯುವುದು ಹೇಗೆ?

ಚೀಟಿ ಎತ್ತಿದ್ದು ಶಾಲೆಯ ಹಿಂದಿನ ಚಾ ಅಂಗಡಿಯಲ್ಲಿ, ಸ್ಟೀಲಿನ ಬುತ್ತಿ ಡಬ್ಬಿಯಿಂದ. ಕೆರೆಕಟ್ಟೆಯಿಂದ ಬಂದಿದ್ದ ಒಬ್ಬ ಆಟಗಾರ, ಮರ ಎಳೆಯುವ ಕೆಲಸದವನು, ಬಾಗಿಲಿನಷ್ಟು ಅಗಲವಿದ್ದ. ತನ್ನ ಚೀಟಿ ನೋಡಿ, "ಎಂತ ಮೇಷ್ಟ್ರೇ ಇದು, ಡಿ-ಇ-ಎನ್?" ಎಂದ.

"ಡೆನ್ಮಾರ್ಕ್."

"ಅಲ್ಲಿ ಕಬಡ್ಡಿ ಆಡ್ತಾರ?"

"ಆಡಲ್ಲ. ಅದ್ಕೇ ಕೊಟ್ಟದ್ದು."

"ಇಂಡಿಯಾ ಇಲ್ವಾ? ಐ-ಎನ್-ಡಿ?"

"ಯಾರಿಗೂ ಇಲ್ಲ" ಎಂದರು ಮೇಷ್ಟ್ರು. "ಅದನ್ನ ಒಬ್ರಿಗೆ ಕೊಟ್ರೆ ಉಳಿದ ಐದು ತಂಡದವ್ರನ್ನ ನೀವು ಬದುಕೋಕೆ ಬಿಡ್ತೀರಾ? ಕ್ರಿಕೆಟ್ ಆಡೋ ದೇಶ ಇಲ್ಲ, ಫುಟ್‌ಬಾಲಲ್ಲಿ ನಮ್ಮೋರು ಜೈ ಅನ್ನೋದೂ ಇಲ್ಲ. ಕೊಪ್ಪದಲ್ಲಿ ಯಾವನಿಗೂ ಪ್ರೀತಿನೂ ಇಲ್ಲದ್ದು, ದ್ವೇಷನೂ ಇಲ್ಲದ್ದು ಹುಡುಕಿ ಆರು ತೆಗ್ದಿದ್ದೇನೆ."

ಡೆನ್ಮಾರ್ಕ್, ಸ್ವಿಟ್ಜರ್‌ಲೆಂಡ್, ಲಾಟ್ವಿಯಾ, ಪರಾಗ್ವೆ, ಮಂಗೋಲಿಯಾ, ಕೋಸ್ಟರಿಕಾ. ಆರನ್ನೂ ನಾನು ಇವತ್ತಿಗೂ ತಪ್ಪದೆ ಹೇಳಬಲ್ಲೆ. ಸ್ವಿಟ್ಜರ್‌ಲೆಂಡಿಗೆ ಎಸ್-ಯು-ಐ. ಜನ ಅದನ್ನು ಸೂಯಿ ಎಂದೇ ಓದಿದರು. ನಾವು ಡೆನ್. ನನಗೆ ನಾಲ್ಕನೇ ನಂಬರು, ಕೆರೆಕಟ್ಟೆಯವನಿಗೆ ಏಳು. ಬಾಳಗಡಿಯಲ್ಲಿ ನಮ್ಮ ಪಕ್ಕದ ಮನೆಯವನು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಹತ್ತು ವರ್ಷ ಕೂತವನು, ಸೂಯಿಗೆ ಹೋದ. ಚೀಟಿ ನೋಡಿ ನಾವಿಬ್ಬರೂ ನಕ್ಕೆವು.

ಮೊದಲ ದಿನ ಮೇಷ್ಟ್ರ ಉಪಾಯ ಗೆದ್ದಿತ್ತು. ಕಣ್ಣು ಕಳೆದುಕೊಂಡ ಹುಡುಗನ ಊರಿನವನೂ ಬಾಟ್ಲಿ ಎಸೆದ ಊರಿನವನೂ ಮಂಗೋಲಿಯಾ ಬನಿಯನ್ ಹಾಕಿಕೊಂಡು ಕೈಗೆ ಕೈ ಕೊಟ್ಟು ಆಡಿದರು. ಊಟಕ್ಕೂ ಇಬ್ಬರೂ ಒಂದೇ ಸಾಲಿನಲ್ಲಿ ಕೂತರು, ಮೇಷ್ಟ್ರು ಸಾಲಿನ ತುದಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ನನ್ನ ಬೆರಳು ಕೀಲು ತಪ್ಪಿದಾಗ ಕೆರೆಕಟ್ಟೆಯವನು ನನ್ನ ಎದೆಗೆ ಮೊಣಕಾಲೊತ್ತಿ ಒಂದೇ ಜಗ್ಗಿಗೆ ಕೂರಿಸಿದ. ಆ ನೋವಿನಲ್ಲೇ ಅವನು ನನ್ನವನಾದ. ಕೆಟ್ಟದ್ದು ಅಲ್ಲೇ ಮೊದಲಾಯಿತು ಎಂದು ಈಗ ಅನ್ನಿಸುತ್ತದೆ.

ಎರಡನೇ ಬೆಳಗ್ಗೆ ನಮ್ಮ ತಂಡದ ಕಡಹಿನಬೈಲಿನವನೊಬ್ಬ ತೋಳಿನ ಮೇಲೆ ಹಸಿರು ಬಣ್ಣದಲ್ಲಿ ಡಿ-ಇ-ಎನ್ ಎಂದು ತಟ್ಟಿಸಿಕೊಂಡು ಬಂದ. ಮಧ್ಯಾಹ್ನದೊಳಗೆ ಏಳೂ ಜನರ ತೋಳಿನ ಮೇಲೆ ಅದಿತ್ತು. ನೋಡುವವರೂ ಒಡೆದುಹೋದರು, ಅಣ್ಣ ಡೆನ್, ತಮ್ಮ ಸೂಯಿ. ಸೆಮಿಫೈನಲ್‌ನಲ್ಲಿ ಸೂಯಿಯವರು ಲಾಟ್ವಿಯಾದವನೊಬ್ಬನನ್ನು ಎತ್ತಿ ತಲೆಕೆಳಗಾಗಿ ಬಡಿದರು. ಅವನು ಏಳದಿದ್ದಾಗ ಒಬ್ಬ ಮುದುಕ ನಗುತ್ತ ಚಪ್ಪಾಳೆ ತಟ್ಟಿದ. ಬಿದ್ದವನು ಆ ಮುದುಕನದೇ ಊರಿನವನು. ನಾನು ಸೂಯಿಯನ್ನು ದ್ವೇಷಿಸತೊಡಗಿದ್ದೆ. ನಕ್ಷೆಯಲ್ಲಿ ಆ ದೇಶ ಎಲ್ಲಿದೆ ಎಂಬುದೂ ನನಗೆ ತಿಳಿದಿರಲಿಲ್ಲ.

ಫೈನಲ್ ಡೆನ್‌ಗೂ ಸೂಯಿಗೂ. ಅಂಪೈರ್ ಮೇಷ್ಟ್ರೇ. ಕೊನೆಯ ರೈಡ್‌ಗೆ ನಾವು ಒಂದು ಅಂಕ ಮುಂದಿದ್ದೆವು. ರೈಡಿಗೆ ಬಂದವನು ನನ್ನ ಪಕ್ಕದ ಮನೆಯವನು. "ಬಾ ಬಾ, ಹೆಗಲ ಮೇಲೆ ಹೊತ್ಕೊಂಡು ಹೋಗೋ ಹಂಗೆ ಮಾಡ್ತೇನೆ" ಎಂದೆ. ಅವನು ಉಸಿರು ಬಿಡದೆ ಕಬಡ್ಡಿ ಎನ್ನುತ್ತಲೇ ನಕ್ಕ. ನಾನು ಅವನ ಹಿಮ್ಮಡಿಗೆ ಬಿದ್ದೆ. ಮೇಲೆ ಕೆರೆಕಟ್ಟೆಯವನು ಬಿದ್ದ, ಅವನ ಮೇಲೆ ಇನ್ನೊಬ್ಬ. ಪಕ್ಕದ ಮನೆಯವನ ಪಾದ ನನ್ನ ಎರಡೂ ಕೈಯಲ್ಲಿತ್ತು. ಹಿಡಿದರೆ ಸಾಕಿತ್ತು. ನಾನು ತಿರುಚಿದೆ. ಹಸಿ ಕೊಂಬೆ ಸೀಳಿದ ಸದ್ದು ಬಂತು. ಅದು ಕಿವಿಗೆ ಬಂದದ್ದಕ್ಕಿಂತ ಮೊದಲು ಅಂಗೈಗೆ ಬಂತು... ಇದರಲ್ಲಿ ನನಗೆ ಸಂಶಯವಿಲ್ಲ. ಅವನು ಕಿರುಚುತ್ತಲೇ ಕೈ ಚಾಚಿದ. ಬೆರಳ ತುದಿ ನಡುಗೆರೆ ಮುಟ್ಟಿತು. ಮೇಷ್ಟ್ರು ಸೀಟಿ ಊದಿ, ಅವನ ಮೇಲೆ ಬಿದ್ದ ನಮ್ಮ ಮೂವರಿಗೆ ಮೂರು ಬೆರಳೆತ್ತಿ, ಗೆದ್ದ ಸೂಯಿಯ ಕಡೆ ಕೈ ತೋರಿಸಿದರು.

ಹಗ್ಗ ಕಟ್ಟಲು ನೆಟ್ಟಿದ್ದ ಗೂಟಗಳನ್ನು ಮೊದಲು ಕಿತ್ತವರು ಯಾರೆಂದು ಗೊತ್ತಿಲ್ಲ. ನನ್ನ ಕೈಗೂ ಒಂದು ಬಂತು. ಒಬ್ಬನ ತಲೆಯಿಂದ ರಕ್ತ ಇಳಿದು ಎದೆಯ ಮೇಲಿನ ಮೂರಕ್ಷರ ಮುಚ್ಚಿಹೋಗಿತ್ತು. ಅಕ್ಷರ ಕಾಣದ್ದಕ್ಕೆ ಎರಡೂ ಕಡೆಯವರು ಅವನಿಗೆ ಹೊಡೆದರು. ಪಕ್ಕದ ಮನೆಯವನು ಮುರಿದ ಕಾಲನ್ನು ಎಳೆದುಕೊಂಡು ತೆವಳುತ್ತಿದ್ದ. ಅವನ ಕೈಯ ಮೇಲೆ ಯಾರೋ ಹಾದುಹೋದರು. ನಾನೇ ಇರಬಹುದು. ಆಗ ಮೇಷ್ಟ್ರು ಎರಡೂ ತೋಳು ಅಗಲಿಸಿ ನಡುವೆ ಓಡಿಬಂದರು. ಬಾಯಲ್ಲಿ ಸೀಟಿ, ಒಂದೇ ಸಮನೆ ಊದುತ್ತಿದ್ದರು. ನಾನು ಗೂಟ ಬೀಸಿದೆ. ಸೀಟಿ ನಿಂತಿತು.

ಸ್ಟೀಲಿನ ಸೀಟಿ. ಅದು ಮುಂದಿನ ನಾಲ್ಕು ಹಲ್ಲು ಮುರಿದು, ನಾಲಗೆ ಸೀಳಿ, ಅಂಗುಳಿಗೆ ಹೊಕ್ಕಿತ್ತು. ಜೀಪಿಗೆ ಹತ್ತಿಸುವಾಗಲೂ ದಾರ ಬಾಯಿಂದ ಹೊರಗೆ ತೂಗುತ್ತಿತ್ತು.

ಮೂರು ದಿನದ ಮೇಲೆ ಎಸ್‌ಐ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದರು. ಅಲ್ಲಿ ನಡೆದದ್ದನ್ನು ಜೊತೆಗಿದ್ದ ಕಾನ್‌ಸ್ಟೇಬಲ್ ಚಾ ಅಂಗಡಿಯಲ್ಲಿ ಹೇಳಿದ. ಅವನು ಕೂಡಿಸಿ ಹೇಳುವವನು, ಆದ್ದರಿಂದ ಇದು ನಡೆದಂತೆಯೇ ಇದೆ ಎನ್ನಲಾರೆ. ಮೇಷ್ಟ್ರಿಗೆ ಬಾಯಿ ತುಂಬ ಹೊಲಿಗೆ. ಕಾಗದ ಕೊಟ್ಟರೆ ಡಿ-ಇ-ಎನ್ ಎಂದು ಬರೆದರಂತೆ, ಅದರ ಕೆಳಗೆ ಎಸ್-ಯು-ಐ.

"ಇದೇನ್ ಮೇಷ್ಟ್ರೇ, ಡೆನ್ಮಾರ್ಕ್ ಮೇಲೆ ಕೇಸ್ ಹಾಕ್ಲಾ ನಾನು?" ಎಂದರಂತೆ ಎಸ್‌ಐ.

ಮೇಷ್ಟ್ರು ಬರೆದರಂತೆ: ಹಾಕಿ.

"ಯಾವ ನಂಬರ್‌ನೋನು ಯಾರು, ಆ ಪಟ್ಟಿ ಎಲ್ಲಿ?"

ಮೇಷ್ಟ್ರು ಗೋಡೆಯ ಕಡೆ ತಿರುಗಿ ಮಲಗಿದರಂತೆ.

ಎಸ್‌ಐ ಊರೂರು ಸುತ್ತಿದರು. ಊರಿನ ಹಿರಿಯರು ಯಾರ ಮೇಲೆಂದು ದೂರು ಕೊಡುವುದು? ಹೊಡೆದವರಲ್ಲಿ ಅವರ ಹುಡುಗರಿದ್ದರು, ಹೊಡೆತ ತಿಂದವರಲ್ಲೂ ಇದ್ದರು. ಕೆರೆಕಟ್ಟೆಯವರು ಕಡಹಿನಬೈಲಿನವರನ್ನು ದೂರಿದರೆ ತಮ್ಮವನೇ ಸಿಕ್ಕಿಬೀಳುತ್ತಿದ್ದ. ನನ್ನ ಪಕ್ಕದ ಮನೆಯವನು ಕೂಡ, "ಬಿದ್ದು ಮುರೀತು ಸಾರ್" ಎಂದ. ಹಾಗೆಂದವನು ನನ್ನೊಡನೆ ಇಂದಿಗೂ ಮಾತಾಡಿಲ್ಲ. ಗೋಡೆಯಾಚೆ ಅವನು ಕುಂಟುವ ಸದ್ದು ನನಗೆ ದಿನವೂ ಕೇಳುತ್ತದೆ.

ಮೇಷ್ಟ್ರು ಮಾತು ಉಳಿಸಿಕೊಂಡರು. ಮತ್ತೆ ಸೀಟಿ ಮುಟ್ಟಲಿಲ್ಲ. ಊದಲೂ ಆಗುತ್ತಿರಲಿಲ್ಲ. ನಿವೃತ್ತಿಯಾಗುವವರೆಗೆ ಶಾಲೆಯಲ್ಲಿ ಹಾಜರಿ ಪುಸ್ತಕ ನೋಡಿಕೊಂಡಿದ್ದರಂತೆ. ನಾನು ಆ ದಾರಿಯಲ್ಲಿ ಓಡಾಡುವುದನ್ನು ಬಿಟ್ಟೆ. ಆದರೆ ಅಂಗಡಿ ಇಟ್ಟ ಮೇಲೆ ಅವರೇ ಬಂದರು, ಸ್ಕೂಟರಿನ ಬ್ರೇಕ್ ಕೇಬಲ್ ಬೇಕೆಂದು. ನಾಲಗೆ ದಪ್ಪವಾಗಿತ್ತು, ಮಾತು ತೊದಲುತ್ತಿತ್ತು. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಡೆನ್, ನಾಕು" ಎಂದರು.

ತುಟಿಯ ಮೇಲಿನ ಗಾಯದ ಗೆರೆಯಿಂದ ಅವರ ಮುಖ ಯಾವಾಗಲೂ ನಗುವಿನಂತೆ ಕಾಣುತ್ತಿತ್ತು. ಅದು ಹಳೆಯ ಶಿಷ್ಯನನ್ನು ಗುರುತಿಸಿದ ಮಾತೋ, ಆರೋಪವೋ ತಿಳಿಯಲಿಲ್ಲ. "ಹೌದು ಸಾರ್" ಎಂದೆ. ಅಷ್ಟೇ. ಆಮೇಲೂ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು. ಒಂದು ನಟ್ಟು, ಒಂದು ಪ್ಲಗ್ಗು. ಬಂದಾಗಲೆಲ್ಲ ಅದೇ, "ಡೆನ್, ನಾಕು". ಪ್ರತಿ ಸಲವೂ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೋದ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು.

ಪೇಂಟರ್ ಬಂದುಹೋದ ಮರುವಾರ ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಕೆರೆಕಟ್ಟೆಯವನು ಸಿಕ್ಕ. ತಲೆ ಬೆಳ್ಳಗಾಗಿದೆ, ಅಗಲ ಹಾಗೇ ಇದೆ. ಎಷ್ಟೋ ವರ್ಷ ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ: ಮೇಷ್ಟ್ರ ಬಾಯಿಗೆ ಹೊಡೆದವನು ನಾನು.

ಅವನು ಎಲೆಯಡಿಕೆ ಉಗಿದು ಬಂದು ಕೂತ. "ಎಂತ ಹೇಳ್ತೀಯ ಮಾರಾಯ" ಎಂದ. "ಅದು ನಾನಲ್ವ?"

"ನೀನು ನೋಡಿದ್ಯಾ?"

"ನನ್ನ ಗೂಟ ತಾಗಿತ್ತು. ಸೀಟಿ ನಿಲ್ತು. ಇಷ್ಟು ವರ್ಷ ಅದನ್ನ ಹೊತ್ಕೊಂಡು ತಿರುಗ್ತಾ ಇದ್ದೇನೆ. ಈಗ ನೀನು ಬಂದು ನಂದು ಅಂತೀಯಲ್ಲ." ಅವನಿಗೆ ಸಿಟ್ಟು ಬಂದಿತ್ತು. ನನಗೂ ಬಂತು. ಅವನು ಅದನ್ನು ನನ್ನಿಂದ ಕಿತ್ತುಕೊಳ್ಳುತ್ತಿದ್ದಾನೆ ಎಂದೇ ಅನ್ನಿಸಿತು.

ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಚಾ ಕೊಟ್ಟು ನೋಟ್‌ಬುಕ್ ತಂದು ಮುಂದಿಟ್ಟರು. ದೇಶಗಳ ಪಟ್ಟಿ ಇತ್ತು, ಪುಟಗಟ್ಟಲೆ, ಅಂದವಾದ ಅಕ್ಷರದಲ್ಲಿ. ತಂಡಗಳ ಪುಟ ಹರಿದಿತ್ತು. "ನಾನೇ ಬಚ್ಚಲು ಒಲೆಗೆ ಹಾಕಿದ್ದು" ಎಂದರು. "ಪೊಲೀಸರು ಬರೋಕೆ ಮೊದ್ಲು ಸುಡು ಅಂತ ಬರ್ದು ಕಳ್ಸಿದ್ರು."

"ಹೊಡೆದದ್ದು ಯಾರು ಅಂತ ಅವ್ರಿಗೆ ಗೊತ್ತಿತ್ತ ಅಮ್ಮ?"

"ಕೇಳಿದ್ದೆ. ನೋಡ್ಲಿಲ್ಲ ಅಂತ ಬರ್ದು ತೋರ್ಸಿದ್ರು. ಕಣ್ಣು ಬಿಟ್ಕೊಂಡೇ ಓಡಿದ್ದಲ್ವ ಅವ್ರು, ನೋಡ್ದೆ ಹೇಗಿರ್ತಾರೆ?" ಲೋಟ ಎತ್ತಿಕೊಳ್ಳುತ್ತ ಕೇಳಿದರು, "ನೀನೂ ಇದ್ಯಲ್ಲ ಅಲ್ಲಿ. ನಿಂಗೆ ಗೊತ್ತಾ?"

"ಇಲ್ಲ ಅಮ್ಮ" ಎಂದೆ.

ಕೆರೆಕಟ್ಟೆಯವನು ಸಿಗುವ ಮೊದಲು ಕೇಳಿದ್ದರೆ ಅದು ಸುಳ್ಳಾಗುತ್ತಿತ್ತು. ನನ್ನ ಕೈಯಲ್ಲಿ ಗೂಟವಿತ್ತು, ಬೀಸಿದೆ, ಏನಕ್ಕೋ ತಾಗಿತು, ಇಷ್ಟು ನಿಜ. ಕ್ಷಮೆ ಕೇಳಬೇಕಾದವನು ನಾನೇ ಆಗಿದ್ದೆನೇ, ಅದಕ್ಕಾಗಿಯೇ ಅವರು ಅಂಗಡಿಗೆ ಬರುತ್ತಿದ್ದರೇ, ಹೇಳಬಲ್ಲವರು ಈಗ ಇಲ್ಲ. ನನಗೆ ಗೊತ್ತಿಲ್ಲ.