ಮುಖ ನೋಡಿ ಆಡುವ ಮಾತು

ಆಸ್ಪತ್ರೆಯ ಲಿಫ್ಟಿನೊಳಗೆ ಒಂದು ಸ್ಟೂಲು, ಅದರ ಮೇಲೆ ಹತ್ತೊಂಬತ್ತು ವರ್ಷಗಳಿಂದ ಲಿಫ್ಟಮ್ಮ. ಹೆತ್ತವರು ಇಟ್ಟ ಹೆಸರೊಂದಿದೆ, ಅದು ಸಂಬಳದ ಚೀಟಿಗಷ್ಟೇ ಗೊತ್ತು. ಮುಖ ನೋಡಿ ಮಣೆ ಹಾಕುವವಳು ಎಂದರೆ ಬೇರೆಯವರಿಗೆ ಬೈಗುಳ, ಇವಳಿಗೆ ಅದೇ ಕಸುಬು.

ಎರಡನೇ ಮಹಡಿಗೆ ಕಟ್ಟು ಬಿಚ್ಚಿಸಲು ಬಂದವನಿಗೆ, "ಏನಣ್ಣಾ, ಕಾಲು ಮಾತು ಕೇಳ್ತಿದೆಯಾ?" ಹೆರಿಗೆ ವಾರ್ಡಿನ ಅಜ್ಜಿಯರಿಗೆ, "ಮೂಗು ಯಾರದ್ದಮ್ಮಾ, ನಿಮ್ಮದೇನಾ?" ಐದನೇ ಮಹಡಿ ಮಾತ್ರ ಬೇರೆ. ಅಲ್ಲಿರುವವರೆಲ್ಲ ಜೀವ ಕೈಯಲ್ಲಿ ಹಿಡಿದವರು. ಅಲ್ಲಿಗೆ ಹೋಗುವವರನ್ನು "ಹೇಗಿದ್ದಾರೆ?" ಎಂದು ಅವಳು ಅಪ್ಪಿತಪ್ಪಿಯೂ ಕೇಳಳು. "ಊಟ ಆಯ್ತಾ?" ಅಷ್ಟೇ. ಆಗಿದ್ದರೂ ಆಗದಿದ್ದರೂ ಆ ಪ್ರಶ್ನೆಗೆ ಉತ್ತರ ಹೇಳಲು ಯಾರಿಗೂ ಗಂಟಲು ಕಟ್ಟುವುದಿಲ್ಲ. ಗುಣವಾಗಿ ಮನೆಗೆ ಹೊರಟವರಿಗೆ "ಹೋಗಿ ಬನ್ನಿ" ಎನ್ನುವುದೂ ಇಲ್ಲ. "ಹೊರಡಿ, ಈ ಕಡೆ ತಿರುಗೀನೂ ನೋಡ್ಬೇಡಿ" ಎಂದು ಗದರಿಸಿ ಕಳಿಸುತ್ತಾಳೆ.

ಇಂಥವಳಿಗೆ ಹೊಸ ಮ್ಯಾನೇಜರು ಗಂಟುಬಿದ್ದರು. ಹಿಂದೆ ದೊಡ್ಡ ಹೋಟೆಲಿನಲ್ಲಿದ್ದವರಂತೆ. ಬಂದ ವಾರವೇ ಲಿಫ್ಟಿನಲ್ಲಿ ಒಂದು ಕಾರ್ಡು ಅಂಟಿಸಿದರು: 'ಶುಭದಿನ. ತಮ್ಮ ಆಗಮನ ನಮಗೆ ಸಂತೋಷ. ಮತ್ತೆ ಬನ್ನಿ.' ಎಲ್ಲರಿಗೂ ಇದನ್ನೇ ಹೇಳಬೇಕು, ಅದೂ ನಗುತ್ತಾ. ಆಸ್ಪತ್ರೆಗೆ ಮತ್ತೆ ಬನ್ನಿ ಎನ್ನುವ ಬುದ್ಧಿವಂತಿಕೆಗೆ ಏನು ಹೇಳೋಣ! ಲಿಫ್ಟಮ್ಮ ಹೇಳಲಿಲ್ಲ. ಎರಡು ಮೆಮೋ ಬಂದವು. ಮೂರನೆಯದು ಬಂದರೆ ಲಿಫ್ಟು ಬಿಟ್ಟು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ.

"ಎರಡು ಮಾತು ಅಂದ್ಬಿಡೇ, ನಾಲಿಗೆ ಸವೆಯುತ್ತಾ?" ಎಂದ ಟೈಲರ್ ಗಂಡ.

"ನೀವು ಊರಿಗೆಲ್ಲಾ ಒಂದೇ ಅಳತೆ ಅಂಗಿ ಹೊಲೀತೀರಾ?" ಎಂದಳು. ಅವನು ಸೂಜಿಗೆ ದಾರ ಪೋಣಿಸಿದ.

ಕಾರ್ಡಿನ ಮಾತನ್ನು ಆ ತಿಂಗಳಲ್ಲಿ ಅವಳು ಹೇಳಿದ್ದು ಒಬ್ಬರಿಗೆ ಮಾತ್ರ, ಆರನೇ ಮಹಡಿಯ ಆಫೀಸಿಗೆ ಹೋಗುವ ಖುದ್ದು ಮ್ಯಾನೇಜರಿಗೆ. ದಿನಾ ಬೆಳಿಗ್ಗೆ, ಒಂದಕ್ಷರ ಬಿಡದೆ.

ಒಂದು ದಿನ ಅವರೇ ಪರೀಕ್ಷೆಗೆಂದು ಪೆನ್ನು ಹಿಡಿದು ಲಿಫ್ಟಿನ ಮೂಲೆಯಲ್ಲಿ ನಿಂತರು. ನೆಲಮಹಡಿಯಲ್ಲಿ ಒಬ್ಬ ಹೆಂಗಸು ಹತ್ತಿದಳು. ಲಿಫ್ಟಮ್ಮ ಅವಳನ್ನು ನೋಡಿದಳು. ಊಟದ ಮಾತೂ ಎತ್ತಲಿಲ್ಲ. ಎದ್ದು ಸ್ಟೂಲನ್ನು ಅವಳತ್ತ ಸರಿಸಿ, ಕೇಳದೆಯೇ ಐದನ್ನು ಒತ್ತಿದಳು. ಮೂರನೇ ಮೆಮೋ ಬರುತ್ತದೆಂದು ಗೊತ್ತಿತ್ತು, ಆದರೂ ಕಾರ್ಡಿನ ಮಾತು ಆಡಲಿಲ್ಲ.

ಮ್ಯಾನೇಜರಿಗೆ ತಡೆಯಲಾಗಲಿಲ್ಲ. ಹೀಗೆ ಹೇಳಬೇಕು ಎಂದು ತೋರಿಸುವವರಂತೆ ತಾವೇ ನಕ್ಕು, "ಶುಭದಿನ. ತಮ್ಮ ಆಗಮನ ನಮಗೆ ಸಂತೋಷ" ಎಂದರು.

ಹೆಂಗಸು ತಲೆಯೆತ್ತಿದಳು. "ನನ್ನ ಮಗ ಬೆಳಗಿನ ಜಾವ ಹೋಗ್ಬಿಟ್ಟ. ಅವನ ಬಟ್ಟೆ ತಗೊಂಡು ಹೋಗೋಕೆ ಬಂದಿದೀನಿ."

ಮ್ಯಾನೇಜರ ನಗು ಮುಖದಲ್ಲೇ ಒಣಗಿತು. ಐದರಲ್ಲಿ ಲಿಫ್ಟಮ್ಮ ಅವಳ ಭುಜ ಹಿಡಿದು ಇಳಿಸಿ ಬಂದಳು. ಬಾಗಿಲು ಮುಚ್ಚಿದ ಮೇಲೆ ಅವರು ಮೆಲ್ಲಗೆ ಕೇಳಿದರು, "ನಿಮಗೆ ಹೇಗಮ್ಮ ಗೊತ್ತಾಯ್ತು?"

"ನಿನ್ನೆವರೆಗೂ ಕೈಲಿ ಊಟದ ಡಬ್ಬಿ ಇತ್ತು ಸಾರ್. ಇವತ್ತು ಖಾಲಿ ಚೀಲ."

ಪೆನ್ನು ಜೇಬಿಗೆ ಹೋಯಿತು.

ಮರುದಿನ ಕಾರ್ಡು ಇರಲಿಲ್ಲ, ಅಂಟಿನ ನಾಲ್ಕು ಕಲೆ ಇದ್ದವು. ಲಿಫ್ಟಮ್ಮ ಅವನ್ನು ಒರೆಸಲಿಲ್ಲ. ಹೆಮ್ಮೆಪಡಲು ಅವಳಿಗೂ ಒಂದು ಗುರುತು ಬೇಡವೇ? ಮ್ಯಾನೇಜರು ಹತ್ತಿದರು. ರಾತ್ರಿ ನಿದ್ದೆಯಿಲ್ಲದ ಕಣ್ಣು. ಅವರು ಶುಭದಿನಕ್ಕೆ ಕಾದಂತಿತ್ತು.

"ತಿಂಡಿ ಆಯ್ತಾ ಸಾರ್?"

"ಆಯ್ತು..." ಎಂದವರು ತಡೆದರು. "ಇಲ್ಲಮ್ಮ. ಆಗಿಲ್ಲ."

ಲಿಫ್ಟಮ್ಮ ಆರನ್ನು ಒತ್ತಲಿಲ್ಲ, ಕ್ಯಾಂಟೀನಿರುವ ಒಂದನ್ನು ಒತ್ತಿದಳು. ಮ್ಯಾನೇಜರು ಅಲ್ಲೇ ಇಳಿದರು.