ಐಸ್ ಹಾಕಿಗೆ ಕುಂಕುಮ ಹಚ್ಚಿ ಕರೆದದ್ದು

ನನ್ನ ಮಗಳು ಐಸ್ ಹಾಕಿ ಆಡುತ್ತಾಳೆ. ಗೋಲ್ ಕಾಯುವವಳು ಅವಳೇ. ವುಲ್ವರ್‌ಹ್ಯಾಂಪ್ಟನ್‌ನಿಂದ ಅರ್ಧ ಗಂಟೆ ದೂರದ, ಇಂಗ್ಲೆಂಡಿನ ಒಂದು ಸಣ್ಣ ಊರು ನಮ್ಮದು. ಇಂಥ ಊರಿಗೊಂದು ಐಸ್ ರಿಂಕ್, ಅಂದರೆ ಆಡಲು ಮಂಜುಗಡ್ಡೆಯ ಅಂಗಳ, ಇರುವುದೇ ದೊಡ್ಡದು, ಅದರಲ್ಲಿ ಹುಡುಗಿಯರ ತಂಡವಿರುವುದು ಇನ್ನೂ ದೊಡ್ಡದು. ಆದರೆ ನೋಡುವವರಿಲ್ಲ. ಬೇರೆ ಊರಿಗೆ ಆಡಲು ಹೋದರೆ ಅಲ್ಲಿ ಡೋಲು, ಬಾವುಟ, ಕೂಗಾಟ. ನಮ್ಮೂರಲ್ಲೇ ಆಡುವ ದಿನ ಮಾತ್ರ ಖಾಲಿ ಬೆಂಚುಗಳ ನಡುವೆ ನಾಲ್ಕಾರು ಅಪ್ಪ ಅಮ್ಮಂದಿರು, ತೊಡೆಯ ಮೇಲೊಂದು ಕಂಬಳಿ. ನಾನು ಫ್ಲಾಸ್ಕಿನಲ್ಲಿ ಶುಂಠಿ ಚಹಾ ಒಯ್ಯುತ್ತೇನೆ. ಆಟ ಮುಗಿಯುವವರೆಗೂ ಅದು ಬಿಸಿಯಾಗಿರುತ್ತದೆ, ಶಿವನ ದಯೆ.

ಜನ ಯಾಕೆ ಬರುವುದಿಲ್ಲವೆಂದು ಕೇಳಿದರೆ ಎಲ್ಲರ ಹತ್ತಿರವೂ ಒಂದೊಂದು ಉತ್ತರ. ಭಾನುವಾರ ಸಂಜೆ ಬಸ್ಸಿಲ್ಲ. ಮರುದಿನ ಮಕ್ಕಳಿಗೆ ಶಾಲೆ. ಟಿವಿಯಲ್ಲಿ ಫುಟ್‌ಬಾಲ್. ಹೊರಗಿನ ಚಳಿ ಸಾಲದೆಂದು ಒಳಗೂ ಹೋಗಿ ನಡುಗುವವರು ಯಾರು? ನಮ್ಮ ಯಜಮಾನರು ಡಾಕ್ಟರು, ವಾರವಿಡೀ ಆಸ್ಪತ್ರೆ. ಅವರದು ಒಂದೇ ಮಾತು: “ಗೆದ್ದರ ಬರ್ತಾರ. ಸೋಲೂದು ನೋಡಾಕ ಯಾರ ಬರ್ತಾರ?” ತಂಡದ ಕಾರ್ಯದರ್ಶಿ ಒಬ್ಬ ಇಂಗ್ಲಿಷ್ ಹೆಂಗಸು. ಟಿಕೆಟ್ ಹರಿಯುವುದರಿಂದ ಹಿಡಿದು ಹುಡುಗಿಯರ ಮೊಣಕಾಲಿಗೆ ಪಟ್ಟಿ ಕಟ್ಟುವವರೆಗೆ ಎಲ್ಲ ಆಕೆಯದೇ. ಆಕೆ ಒಂದು ಪೋಸ್ಟರ್ ಮಾಡಿಸಿ ರಿಂಕಿನ ಬಾಗಿಲ ಒಳಗಡೆ ಅಂಟಿಸಿದ್ದಳು. ಒಳಗೆ ಬಂದವರಿಗೆ ಮಾತ್ರ ಅದು ಕಾಣುತ್ತಿತ್ತು.

ಹೀಗಿರುವಾಗ ರಿಂಕಿನ ಮ್ಯಾನೇಜರ್ ಕರೆದು ಹೇಳಿದ. ಇದೇ ಥರ ಖಾಲಿ ಹೊಡೆದರೆ ಮುಂದಿನ ಸೀಸನ್‌ನಿಂದ ಭಾನುವಾರದ ಸಂಜೆಯನ್ನು ಸ್ಕೇಟಿಂಗ್ ಡಿಸ್ಕೋಗೆ ಕೊಡುತ್ತೇನೆ, ನಿಮ್ಮ ಆಟಗಳನ್ನು ಬೇರೆ ಊರಲ್ಲಿ ಆಡಿಕೊಳ್ಳಿ ಎಂದು. ಬೇರೆ ಊರೆಂದರೆ ಮೋಟರ್‌ವೇ ಮೇಲೆ ಒಂದೂವರೆ ಗಂಟೆ. ಯಜಮಾನರ ಡ್ಯೂಟಿ ರೋಟಾದಲ್ಲಿ ಭಾನುವಾರ ಬಿಡುವಿರುವುದೇ ಅಪರೂಪ. ನಾನು ಮೋಟರ್‌ವೇ ಮೇಲೆ ಕಾರು ಓಡಿಸುವವಳಲ್ಲ. ಹೊರಗಿನ ಆಟಗಳಿಗೇ ಬೇರೆಯವರ ಕಾರಿನಲ್ಲಿ ಜಾಗ ಕೇಳುತ್ತೇವೆ, ಪ್ರತಿ ವಾರವೂ ಹೇಗೆ ಕೇಳುವುದು? ಅಂದರೆ ಮಗಳ ಆಟ ಅಲ್ಲಿಗೆ ಮುಗಿಯಿತು. ಅವಳು ಅಳಲಿಲ್ಲ. “ಇಟ್ಸ್ ಫೈನ್, ಅಮ್ಮ,” ಅಂದು ಪ್ಯಾಡುಗಳನ್ನು ಒಣಹಾಕಿದಳು. ಅವಳು ಅತ್ತಿದ್ದರೆ ನನ್ನ ಮನಸ್ಸಿಗೆ ಇಷ್ಟು ನೋವಾಗುತ್ತಿರಲಿಲ್ಲ.

ನಮ್ಮ ಕನ್ನಡದ ಮನೆಗಳ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹಾಕಿ, ಭಾನುವಾರದ ಆಟಕ್ಕೆ ಬನ್ನಿ ಎಂದು ಕರೆದೆ. ಹೆಬ್ಬೆರಳು ಬಂದವು, ಹೂವು ಬಂದವು, ಕೈಮುಗಿದ ಚಿತ್ರಗಳು ಬಂದವು. ಆಟಕ್ಕೆ ಯಾರೂ ಬರಲಿಲ್ಲ. ಮರುದಿನ ಬೆಳಗ್ಗೆ ಲಿಂಗಪೂಜೆ ಮುಗಿಸಿ ಏಳುವಾಗ ಹೊಳೆಯಿತು. ನಮ್ಮ ಕಡೆ ಫೋನಿನಲ್ಲಿ ಕರೆದರೆ ಯಾರಾದರೂ ಬರುತ್ತಾರೆಯೇ? ಮನೆಗೆ ಹೋಗಿ, ಕುಂಕುಮ ಹಚ್ಚಿ ಕರೆಯಬೇಕು. ಹಾಗೆ ಕರೆದ ಮೇಲೆ ಬರದೆ ಇರುವುದು ಅವರಿಂದಲೂ ಆಗುವುದಿಲ್ಲ.

ಆ ವಾರವೆಲ್ಲ ಕುಂಕುಮದ ಭರಣಿ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಪ್ರತಿ ಮನೆಯಲ್ಲೂ, “ಭಾನುವಾರ ಐದಕ್ಕ ಮಗಳ ಆಟ ಐತಿ, ಮನಿ ಮಂದಿಯೆಲ್ಲಾ ಬರ್ರಿ,” ಎಂದೆ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಗೆ ಬರಿಯ ಚಕ್ಕುಲಿ ಕೊಟ್ಟು ಕರೆದರೆ ಆಕೆ ಭರಣಿ ನೋಡಿ ತಾನೇ ಹಣೆ ಮುಂದೆ ಮಾಡಿದಳು.

ಭಾನುವಾರ ಐದಕ್ಕೆ ಆಟ ಶುರುವಾಯಿತು. ಬೆಂಚಿನ ಮೇಲೆ ಅದೇ ನಾಲ್ಕಾರು ಜನ, ಜೊತೆಗೆ ಹಣೆಗೆ ಕುಂಕುಮವಿಟ್ಟುಕೊಂಡ ಅಜ್ಜಿ. ಮ್ಯಾನೇಜರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮಗಳು ಗೋಲಿನಿಂದ ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿದಳು, ಆಮೇಲೆ ನೋಡಲಿಲ್ಲ. ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹಿಡಿದೆ. ಮೊದಲ ಪೀರಿಯಡ್ ಮುಗಿಯಿತು, ಎರಡನೆಯದು ಶುರುವಾಯಿತು.

ಆಗ ಬಂದರು. ನಮ್ಮವರಿಗೆ ಐದು ಎಂದರೆ ಆರು ಎಂಬುದನ್ನು ನಾನೇ ಮರೆತಿದ್ದೆ. ಇನ್ನೊಂದನ್ನೂ ಮರೆತಿದ್ದೆ: ಕುಂಕುಮ ಹಚ್ಚಿ ಕರೆದರೆ ಅದು ಕಾರ್ಯಕ್ರಮ. ಇಳಕಲ್ ಸೀರೆ, ರೇಷ್ಮೆ ಸೀರೆ, ಕಾಲಿಗೆ ತೆಳು ಚಪ್ಪಲಿ. ಮಕ್ಕಳಿಗೆ ಜರಿ ಲಂಗ. ನಮ್ಮಲ್ಲೇ ಹಿರಿಯ ಹೆಂಗಸಾದ ಧಾರವಾಡದ ಕಾಕು ಅಂತೂ ಕೈಯಲ್ಲಿ ತೆಂಗಿನಕಾಯಿ, ಖಣ ಹಿಡಿದೇ ಬಂದಿದ್ದರು. ತಣ್ಣನೆಯ ಬೆಂಚಿನ ಮೇಲೆ ಕೂತ ಕೂಡಲೇ ಬಂದವರೆಲ್ಲ ಎದ್ದು ನಿಂತರು.

“ಏನವ್ವಾ, ಕುಂಕುಮ ಹಚ್ಚಿ ಕರದು ಫ್ರಿಜ್ಜಿನ್ಯಾಗ ಕುಂದ್ರಸ್ತಿ?”

“ಕಂಬಳಿ ಹೊದ್ಕೊರ್ರಿ ಕಾಕೂ. ಚಹಾ ಕೊಡ್ತೀನಿ.”

“ನಿನ್ನ ಮಗಳು ಯಾಕಿ?”

“ಆ ಗೋಲಿನ ಬಲೆ ಮುಂದ ನಿಂತಾಳಲ್ರೀ, ಆಕಿ.”

ಕಾಕು ಸ್ವಲ್ಪ ಹೊತ್ತು ನೋಡಿದರು. “ಎಲ್ಲಾರೂ ಬಡಿಗಿ ಹಿಡ್ಕೊಂಡು ಆಕಿ ಮ್ಯಾಲೆ ಬರಾಕತ್ತಾರ, ನೀ ಚಹಾ ಕುಡ್ಕೋತ ಕುಂತೀಯಲ್ಲ.”

“ಆಟನ ಹಂಗ ಐತ್ರೀ.”

ನನ್ನ ಫ್ಲಾಸ್ಕು ಎಷ್ಟು ಜನರಿಗೆ ಸಾಕಾದೀತು? ನಮ್ಮವರೆಲ್ಲ ಕ್ಯಾಂಟೀನಿನ ಮುಂದೆ ಸಾಲುಗಟ್ಟಿದರು. ಚಹಾ, ಬಿಸಿ ಚಿಪ್ಸು, ಮತ್ತೆ ಚಹಾ. ಕಾರ್ಯದರ್ಶಿ ಎಲ್ಲಿಂದಲೋ ಹಳೆಯ ಸ್ಕಾರ್ಫು, ಟೋಪಿ ತಂದು ಸೀರೆಗಳ ಮೇಲೆ ಹೊದಿಸಿದಳು. ಆಟದ ನಿಯಮ ಯಾರಿಗೂ ತಿಳಿಯದು. ಆದರೂ ಆ ಕರಿ ಬಿಲ್ಲೆ ಮಗಳ ಕಡೆ ಬಂದಾಗಲೆಲ್ಲ ಇಡೀ ಸಾಲು ಉಸಿರು ಹಿಡಿಯುತ್ತಿತ್ತು, ಅವಳು ತಡೆದರೆ ಬೆಂಚು ಬಡಿಯುತ್ತಿತ್ತು. ಎದುರು ತಂಡದ ಹುಡುಗಿಯೊಬ್ಬಳು ಬಿದ್ದಾಗ, “ಅಯ್ಯ, ಪಾಪ, ಎಬ್ಬಸ್ರಿ ಆಕೀನ್ನ,” ಎಂದೂ ಕೂಗಿದರು.

ನಮ್ಮ ತಂಡ ಸೋತಿತು. ಕಾಕುವಿಗೆ ಅದು ಗೊತ್ತೇ ಆಗಲಿಲ್ಲ. ಹೊರಗೆ ಬಂದ ಮಗಳ ದಪ್ಪ ಗ್ಲೌಸಿನ ಕೈಯಲ್ಲೇ ಕಾಯಿ, ಖಣ ಇಟ್ಟು ಹರಸಿದರು. ಅವಳು ನನ್ನ ಮುಖ ನೋಡಿದಳು. ನಾನು ಸನ್ನೆ ಮಾಡುವ ಮೊದಲೇ ಆ ಪ್ಯಾಡಿನ ಸಮೇತ ಬಗ್ಗಿ ಕಾಲು ಮುಟ್ಟಿದಳು.

ಜನ ಕರಗಿದ ಮೇಲೆ ಮ್ಯಾನೇಜರ್ ಬಂದ.

“ನಿಮ್ಮವರು ಆಟ ನೋಡಲು ಬಂದರೋ ಚಹಾ ಕುಡಿಯಲು ಬಂದರೋ ನನಗೆ ಗೊತ್ತಾಗಲಿಲ್ಲ,” ಎಂದ. “ಕ್ಯಾಂಟೀನಿನಲ್ಲಿ ಹಾಲು ಮುಗಿದದ್ದು ಇದೇ ಮೊದಲು.”

“ಮತ್ತೆ ಭಾನುವಾರ?” ಕಾರ್ಯದರ್ಶಿ ಕೇಳಿದಳು.

“ಇನ್ನೊಂದು ಸೀಸನ್ ನಿಮಗೇ ಇರಲಿ. ಆಮೇಲೆ ನೋಡೋಣ.”

ಇನ್ನೊಂದು ಸೀಸನ್. ದೇವರು ಅಷ್ಟು ಕೊಟ್ಟರೆ ಅಷ್ಟೇ ಬಹಳ. ಬಂದವರಲ್ಲಿ ಅರ್ಧ ಜನ ಮತ್ತೆ ಬರಲಾರರು, ಅದೂ ನನಗೆ ಗೊತ್ತು. ಉಳಿದರ್ಧ ಬಂದರೂ ಮೊದಲಿಗಿಂತ ಹೆಚ್ಚೇ.

ಕಾರಿನಲ್ಲಿ ಮಗಳಿಗೆ ಹೇಳಿದೆ. ಅವಳು ಸೀಟ್‌ಬೆಲ್ಟ್ ಅರ್ಧಕ್ಕೆ ಹಿಡಿದು, “ಫಾರ್ ರಿಯಲ್?” ಅಂದಳು.

“ಹೂಂ, ಖರೇನ.”

ಮನೆ ಮುಟ್ಟುವವರೆಗೂ ಅವಳ ಬಾಯಿ ನಿಲ್ಲಲಿಲ್ಲ. ಇವತ್ತಿನ ಒಂದೊಂದು ಗೋಲು ತನ್ನ ಕೈತಪ್ಪಿ ಹೇಗೆ ಒಳಗೆ ಹೋಯಿತು, ಮುಂದಿನ ಸೀಸನ್‌ನಲ್ಲಿ ಅದೇ ಹೊಡೆತವನ್ನು ಯಾವ ಕಾಲಿನಿಂದ ತಡೆಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಬಂದಳು. ನನಗೆ ತಿಳಿದದ್ದು ಅರ್ಧ. “ಹೌದಾ, ಆಮೇಲೆ?” ಎನ್ನುತ್ತಾ ಕಾರನ್ನು ಸ್ವಲ್ಪ ನಿಧಾನವಾಗಿಯೇ ಓಡಿಸಿದೆ.